ಒಂದೇ ಪದಕ್ಕೆ ಎಪ್ಪತ್ತೈದು ನಿಮಿಷ

ಮಂಗಳವಾರ, ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನನ್ನ ಕ್ಲಾಸು. ಕೋಣೆಯ ನಡುವೆ ಉದ್ದನೆಯ ಒಂದು ಮೇಜು, ಸುತ್ತ ಹದಿನೆಂಟು ಕುರ್ಚಿ. ಮುಂದಿನ ಬೆಂಚು, ಹಿಂದಿನ ಬೆಂಚು ಅನ್ನುವುದೇ ಇಲ್ಲ. ಹದಿನೇಳು ಮಕ್ಕಳು ಬಂದು ಕೂರುತ್ತಾರೆ, ಹದಿನೆಂಟನೆಯ ಕುರ್ಚಿ ನನ್ನದು. ನಮ್ಮ ಪಿಯುಸಿ ಮುಗಿಸಿದ ವಯಸ್ಸಿನವರು, ಮನೆ ಬಿಟ್ಟು ಬಂದು ಆರು ವಾರವೂ ಆಗಿರುವುದಿಲ್ಲ. ಕೆಲವರ ಕಣ್ಣಲ್ಲಿ ಇನ್ನೂ ನಿದ್ದೆ.

ಅಮೆರಿಕದ ಅರಿಜೋನಾ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಆನರ್ಸ್ ವಿದ್ಯಾರ್ಥಿಗಳಿಗೆ ಸೆಮಿನಾರ್ ನಡೆಸುವುದು ನನ್ನ ಕೆಲಸ. ವಿಷಯವನ್ನು ನಾವೇ ಆರಿಸಿಕೊಳ್ಳಬಹುದು. ಪಾಂಡವಪುರ ತಾಲ್ಲೂಕಿನ ರೈತರ ಮನೆಯಿಂದ ಬಂದವಳಿಗೆ ನೀರು ಬಿಟ್ಟರೆ ಬೇರೇನು ಹೊಳೆದೀತು? ಕೊಲರಾಡೊ ನದಿಯ ನೀರು ಹಂಚಿಕೆ ನನ್ನ ಸೆಮಿನಾರಿನ ವಿಷಯ.

ಊರಿಂದ ಫೋನ್ ಮಾಡುವವರಿಗೆ 'ಆನರ್ಸ್' ಅನ್ನುವ ಪದ ಗೊಂದಲ ಹುಟ್ಟಿಸುತ್ತದೆ. ಮೊನ್ನೆ ಚಿಕ್ಕಪ್ಪನ ಮಗ ಕೇಳಿದ, "ಅಕ್ಕಾ, ಆನರ್ಸ್ ಅಂದ್ರೆ ನಾಲ್ಕನೇ ವರ್ಷ ಅಲ್ವಾ?" ಅವನ ತಪ್ಪಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಅದಕ್ಕೂ ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 'ಆನರ್ಸ್ ಮಾಡಿದವರು' ಅಂದರೆ ಒಂದು ವಿಷಯವನ್ನು ಆಳವಾಗಿ ಓದಿದವರು ಎಂಬ ಗೌರವವಿತ್ತು. ಇಲ್ಲಿಯದು ಬೇರೆ ಲೆಕ್ಕ. ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ದೊಡ್ಡ ವಿಶ್ವವಿದ್ಯಾಲಯದ ಒಳಗೇ ಒಂದು ಚಿಕ್ಕ ಕಾಲೇಜು ಇದ್ದಂತೆ. ಎಂಜಿನಿಯರಿಂಗ್ ಓದುವವರು, ಸಂಗೀತ ಓದುವವರು, ನರ್ಸಿಂಗ್ ಓದುವವರು ಎಲ್ಲರೂ ಅದರಲ್ಲಿರುತ್ತಾರೆ. ಮೊದಲ ವರ್ಷ ಇಂಥ ಸೆಮಿನಾರು, ಕೊನೆಯ ವರ್ಷ ಸ್ವಂತದ ಒಂದು ಪ್ರಬಂಧ. ನಡುವೆ ಅವರವರ ವಿಷಯ ಅವರವರಿಗೆ.

ಇದಕ್ಕೆ ನೂರು ವರ್ಷದ ಹಿನ್ನೆಲೆಯಿದೆ. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಫ್ರಾಂಕ್ ಐಡಲಾಟ್ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿ 1922ರಲ್ಲಿ ಆನರ್ಸ್ ಶುರುಮಾಡಿದರು. ಚಿಕ್ಕ ಗುಂಪು, ಚರ್ಚೆ, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು. ಮೊದಲ ವರ್ಷದವರಿಗೇ ಸೆಮಿನಾರು ಎಂಬುದನ್ನು ಹಾರ್ವರ್ಡ್ 1959ರಲ್ಲಿ ಆರಂಭಿಸಿತು. ಸರ್ಕಾರಿ ವಿಶ್ವವಿದ್ಯಾಲಯಗಳೂ ಸರಿಸುಮಾರು ಅದೇ ಕಾಲದಲ್ಲಿ ಆನರ್ಸ್ ಕಾಲೇಜು ತೆರೆದವು: ಮಿಶಿಗನ್ ಸ್ಟೇಟ್ 1956ರಲ್ಲಿ, ಒರೆಗಾನ್ 1960ರಲ್ಲಿ. ಇನ್ನೂರು ಮುನ್ನೂರು ಜನ ಕೂರುವ ಹಾಲ್‌ನಲ್ಲಿ ಮೊದಲ ವರ್ಷದ ಹುಡುಗ ಒಂದು ಮಾತೂ ಆಡದೆ ವರ್ಷ ಕಳೆದುಬಿಡಬಹುದು. ಮೇಜಿನ ಸುತ್ತ ಹದಿನೇಳು ಜನ ಕೂತಾಗ ಅದು ಆಗದು.

ಆದರೆ ಮೇಜು ಹಾಕಿದ ಮಾತ್ರಕ್ಕೆ ಸೆಮಿನಾರ್ ಆಗುವುದಿಲ್ಲ. ನಾನೇ ಅದನ್ನು ಕಷ್ಟಪಟ್ಟು ಕಲಿತೆ. ಮೊದಲ ವರ್ಷ ರಾತ್ರಿಯಿಡೀ ಕೂತು ನೋಟ್ಸ್ ಮಾಡಿಕೊಂಡು ಹೋಗುತ್ತಿದ್ದೆ. ಪ್ರಶ್ನೆ ಕೇಳುತ್ತಿದ್ದೆ, ಎರಡು ಕ್ಷಣ ಸುಮ್ಮನಿರುತ್ತಿದ್ದೆ, ಯಾರೂ ಬಾಯಿ ಬಿಡದಿದ್ದರೆ ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಮೂಲೆಯಲ್ಲಿ ಕೂತು ನೋಡಿದರು. ಕ್ಲಾಸು ಮುಗಿದ ಮೇಲೆ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಮೇಜಿನ ಚಿತ್ರ, ಸುತ್ತ ಮಕ್ಕಳ ಹೆಸರು. ಯಾರು ಯಾರನ್ನು ನೋಡಿ ಮಾತಾಡಿದರೋ ಅವರಿಬ್ಬರ ನಡುವೆ ಒಂದು ಗೆರೆ. ಎಲ್ಲ ಗೆರೆಗಳೂ ನನ್ನಿಂದ ಹೊರಟಿದ್ದವು, ಇಲ್ಲವೇ ನನ್ನ ಹತ್ತಿರ ಬಂದಿದ್ದವು. ಮಕ್ಕಳ ನಡುವೆ ಒಂದೇ ಒಂದು ಗೆರೆಯೂ ಇರಲಿಲ್ಲ. ಅವರು ಒಂದು ಮಾತೂ ಹೇಳದೆ ಹೋದರು. ಆ ಹಾಳೆ ಈಗಲೂ ನನ್ನ ಡ್ರಾಯರಿನಲ್ಲಿದೆ.

ಅಂದಿನಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಕನ್ನಡದಲ್ಲಿ ಎಣಿಸುತ್ತೇನೆ. ಒಂದು, ಎರಡು, ಮೂರು... ಹತ್ತರವರೆಗೂ ಬಾಯಿ ಬಿಡಬಾರದು ಎಂದು ನನಗೆ ನಾನೇ ಹಾಕಿಕೊಂಡ ನಿಯಮ. ಏಳೆಂಟಕ್ಕೆ ಬರುವಷ್ಟರಲ್ಲಿ ಯಾರೋ ಕುರ್ಚಿ ಸರಿಸುತ್ತಾರೆ, ಇನ್ಯಾರೋ ಹಾಳೆ ತಿರುವುತ್ತಾರೆ. ಆಮೇಲೆ ಮಾತು ಬರುತ್ತದೆ. ಆ ಮೌನದಲ್ಲಿ ಅವರು ಯೋಚಿಸುತ್ತಿರುತ್ತಾರೆ ಎಂದು ನಂಬಲು ನನಗೆ ಒಂದು ವರ್ಷ ಬೇಕಾಯಿತು.

ಈ ಸಲದ ಒಂದು ದಿನದ ಬಗ್ಗೆ ಹೇಳಲೇಬೇಕು. ಅಂದು ಓದಲು ಕೊಟ್ಟಿದ್ದು ಕೊಲರಾಡೊ ಒಪ್ಪಂದ. 1922ರ ನವೆಂಬರ್ 24ರಂದು ಸಾಂಟಾ ಫೆ ಊರಿನಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ಸಹಿ ಹಾಕಿದ ದಾಖಲೆ. ಹನ್ನೊಂದೇ ವಿಧಿ, ಒಂದೇ ಗುಕ್ಕಿನಲ್ಲಿ ಓದಿ ಮುಗಿಸಬಹುದು. ನದಿಯ ಮೇಲಿನ ಭಾಗಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನ ಭಾಗಕ್ಕೆ 75 ಲಕ್ಷ ಎಕರೆ-ಅಡಿ, ಪ್ರತಿವರ್ಷ, ಶಾಶ್ವತವಾಗಿ. (ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ.) ಈ 'ಶಾಶ್ವತವಾಗಿ' ಎಂಬ ಪದದ ಹತ್ತಿರ ಒಬ್ಬ ಹುಡುಗ ನಿಂತುಬಿಟ್ಟ. "ಯಾರ ಶಾಶ್ವತ ಇದು? ಸಹಿ ಹಾಕಿದವರದೋ, ನದಿಯದೋ?" ಅಂದ. ಆ ಒಂದು ಪದದ ಮೇಲೆ ಎಪ್ಪತ್ತೈದು ನಿಮಿಷದ ಕ್ಲಾಸು ಕಳೆದುಹೋಯಿತು. ಅಳತೆಗೆ ಹಿಡಿದ ವರ್ಷಗಳಲ್ಲಿ ಮಳೆ ವಾಡಿಕೆಗಿಂತ ಹೆಚ್ಚಿತ್ತು, ಹಾಗಾಗಿ ಇಲ್ಲದ ನೀರನ್ನು ಹಂಚಿದರು ಎಂದು ಒಬ್ಬಳು. ಅರಿಜೋನಾ ಆ ಒಪ್ಪಂದವನ್ನು 1944ರವರೆಗೂ ಅನುಮೋದಿಸಲೇ ಇಲ್ಲ, ನಮ್ಮ ರಾಜ್ಯಕ್ಕೆ ಆಗಲೇ ಅನುಮಾನವಿತ್ತು ಎಂದು ಇನ್ನೊಬ್ಬ. ಮೂಲನಿವಾಸಿ ಬುಡಕಟ್ಟುಗಳ ಬಗ್ಗೆ ಇಡೀ ದಾಖಲೆಯಲ್ಲಿ ಇರುವುದು ಒಂದೇ ಒಂದು ವಾಕ್ಯ ಎಂದು ಮೇಜಿನ ಆ ತುದಿಯಿಂದ ಒಬ್ಬಳು ಬೆರಳಿಟ್ಟು ತೋರಿಸಿದಳು.

ಆಗ ನಾನು ಒಂದೇ ಒಂದು ಮಾತು ಸೇರಿಸಿದೆ. ಇದಾದ ಎರಡೇ ವರ್ಷಕ್ಕೆ, 1924ರಲ್ಲಿ, ಮೈಸೂರು ಮತ್ತು ಮದ್ರಾಸು ಸಹಿ ಹಾಕಿದ ಕಾವೇರಿ ಒಪ್ಪಂದದಲ್ಲಿ ಕೆಲವು ಅಂಶಗಳನ್ನು ಐವತ್ತು ವರ್ಷದ ನಂತರ ಮತ್ತೆ ಪರಿಶೀಲಿಸಬಹುದು ಎಂದು ಬರೆದಿತ್ತು. "ಹಾಗಾದರೆ ಅಲ್ಲಿ ಜಗಳ ಕಡಿಮೆ ಆಗಿರಬೇಕು" ಎಂದ ಆ ಹುಡುಗ. ನಾನು ಎಣಿಸತೊಡಗಿದೆ. ಹತ್ತರವರೆಗೂ ಎಣಿಸಿದೆ. 1990ರ ನ್ಯಾಯಮಂಡಳಿ, 2007ರ ತೀರ್ಪು, 2018ರ ಸುಪ್ರೀಂ ಕೋರ್ಟ್ ಆದೇಶ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದನ್ನು ಹುಡುಕಿಕೊಂಡು ಬರುವುದೇ ಅವನ ಮುಂದಿನ ವಾರದ ಕೆಲಸವಾಯಿತು. ಬಂದವನು ಎಕರೆ-ಅಡಿಯನ್ನೆಲ್ಲ ಟಿಎಂಸಿಗೆ ಬದಲಾಯಿಸಿ ಬೋರ್ಡ್ ಮೇಲೆ ಬರೆದ. ಕೆಳಗಿನ ಮೂರು ರಾಜ್ಯಗಳ ಪಾಲು ಸುಮಾರು 327 ಟಿಎಂಸಿ. ಅದರಲ್ಲಿ ಅರಿಜೋನಾದ್ದು 122. ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 284.75. ಎರಡೂವರೆ ಕನ್ನಂಬಾಡಿ ಕಟ್ಟೆಯಷ್ಟು ನೀರಿಗೆ ಇಡೀ ಅರಿಜೋನಾ ನೂರು ವರ್ಷ ಹೊಡೆದಾಡಿದೆ ಎಂದು ನನಗೂ ಅಂದೇ ಗೊತ್ತಾಗಿದ್ದು. ಟಿಎಂಸಿ ಎಂಬ ಮೂರಕ್ಷರವನ್ನು ಅಮೆರಿಕದ ಹುಡುಗನ ಬಾಯಲ್ಲಿ ಕೇಳಿ ನನ್ನ ಗಂಟಲು ಕಟ್ಟಿತು.

ಬೆಂಗಳೂರಿನಿಂದ ನೇರ ಬಂದ ಹುಡುಗನೂ ಈ ಸಲ ಇದ್ದಾನೆ. ಮೊದಲ ವಾರವೇ ಬಂದು, "ಮೇಡಂ, ಎ ಗ್ರೇಡ್ ಬರೋಕೆ ಏನು ಬರೀಬೇಕು ಹೇಳಿಬಿಡಿ" ಅಂದ. ಒಳ್ಳೆಯ ಹುಡುಗ, ಬೋರ್ಡ್ ಪರೀಕ್ಷೆಗೆ ಮಾದರಿ ಉತ್ತರ ಓದಿ ಓದಿ ಬಂದವನು. ಇಲ್ಲಿ ಪರೀಕ್ಷೆಯೇ ಇಲ್ಲ. ಮೂರು ಪ್ರಬಂಧ, ಮೇಜಿನ ಸುತ್ತ ಆಡಿದ ಮಾತು, ಅಷ್ಟೇ. ಅವನಿಗೆ ನಾನು ಹೇಳಿದ್ದು: ಪ್ರತಿ ಕ್ಲಾಸಿಗೆ ನಿನಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದುಕೊಂಡು ಬಾ. ಮಕ್ಕಳನ್ನು ಇಲ್ಲಿಗೆ ಕಳಿಸುವ ತಂದೆತಾಯಿಯರು ಇದೊಂದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಲಿ ಎಂಬುದು ನನ್ನ ಪ್ರಾರ್ಥನೆ. ಇಂಗ್ಲಿಷ್ ಉಚ್ಚಾರಣೆಗಿಂತ ಅದು ಸಾವಿರ ಪಾಲು ಉಪಯೋಗಕ್ಕೆ ಬರುತ್ತದೆ.

ನನಗೆ ಒಂದು ನೋವೂ ಇದೆ. ಈ ಮೇಜಿನ ಸುತ್ತ ಕೂರಲು ಯಾರಿಗೆ ಸಿಗುತ್ತದೆ? ಒಳ್ಳೆಯ ಹೈಸ್ಕೂಲು, ಅಲ್ಲಿ ಹೆಚ್ಚುವರಿ ಕಠಿಣ ಪಾಠಗಳು, ಅರ್ಜಿಗೆ ಪ್ರಬಂಧ ತಿದ್ದಿಕೊಡುವ ಮನೆಯವರು, ಇವೆಲ್ಲ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಹಲವೆಡೆ ಆನರ್ಸಿಗೆ ಬೇರೆ ಶುಲ್ಕವೂ ಇದೆ. ಮುನ್ನೂರು ಜನರ ಹಾಲ್‌ನಲ್ಲಿ ಕಳೆದುಹೋಗುವ ಮಗುವಿಗೇ ಈ ಮೇಜು ಹೆಚ್ಚು ಬೇಕು. ಹದಿನೇಳು ಜನರಿಗೆ ಒಬ್ಬ ಅಧ್ಯಾಪಕರನ್ನು ಇಡುವುದು ದುಬಾರಿ, ಒಪ್ಪುತ್ತೇನೆ. ಆದರೂ ಮೊದಲ ವರ್ಷದ ಪ್ರತಿಯೊಬ್ಬರಿಗೂ ಇಂಥದ್ದು ಒಂದಾದರೂ ಸಿಗಬೇಕು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಯೂಮಾದಿಂದ ಬಂದ ಹುಡುಗಿಯ ಕಾರಣಕ್ಕೇ ಈ ಮಾತು. ಯೂಮಾ ಅಂದರೆ ಮೆಕ್ಸಿಕೋ ಗಡಿಯ ಊರು, ಚಳಿಗಾಲದಲ್ಲಿ ಅಮೆರಿಕದ ಸೊಪ್ಪು ತರಕಾರಿ ಬಹುಪಾಲು ಅಲ್ಲೇ ಬೆಳೆಯುತ್ತದೆ. ಅವಳಪ್ಪ ಅಲ್ಲಿನ ಹೊಲಗಳಿಗೆ ನೀರು ಕಟ್ಟುವವರು. ನಾಲ್ಕು ವಾರ ಅವಳು ತುಟಿ ಬಿಚ್ಚಲಿಲ್ಲ. ಐದನೆಯ ವಾರ ನಾಲೆಗಳ ಬಗ್ಗೆ ಮಾತು ಬಂದಾಗ, ಮೇಜನ್ನು ನೋಡುತ್ತಲೇ ಮೆಲ್ಲಗೆ ಹೇಳಿದಳು: "ಸಾನ್‌ಹೇರೋ ತೂಬು ತೆಗೆಯದಿದ್ದರೆ ಒಪ್ಪಂದದಲ್ಲಿ ಏನು ಬರೆದಿದ್ದರೂ ನೀರು ಬರಲ್ಲ." ನಾಲೆಯ ನೀರು ಬಿಡುವವನಿಗೆ ಸ್ಪ್ಯಾನಿಷ್‌ನಲ್ಲಿ ಸಾನ್‌ಹೇರೋ ಎನ್ನುತ್ತಾರೆ, ಅರಿಜೋನಾದ ನೀರಾವರಿಯಲ್ಲಿ ಇಂದಿಗೂ ಅದೇ ಹೆಸರು. ರಾತ್ರಿ ಎರಡು ಗಂಟೆಗೆ ಸರದಿ ಬಂದರೆ ಅಪ್ಪ ಟಾರ್ಚ್ ಹಿಡಿದು ಎದ್ದು ಹೋಗುವುದನ್ನು ಅವಳು ಹೇಳುತ್ತಿದ್ದರೆ ಉಳಿದ ಹದಿನಾರು ಜನ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ವಿ.ಸಿ. ನಾಲೆಯಲ್ಲಿ ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ಜೀವನ ಪೂರ್ತಿ ರಾತ್ರಿ ನೀರು ಕಾದವರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅಲ್ಲಿ ನೀರಗಂಟಿಗೆ ಸಂಬಳ ಯಾರ್ ಕೊಡ್ತಾರವ್ವಾ? ಸರ್ಕಾರವಾ, ರೈತ್ರಾ? ಸಂಬಳ ಕೊಡೋನ ಗದ್ದೆಗೆ ತಾನೆ ಮೊದ್ಲು ನೀರ್ ಹೋಗೋದು."

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಬೋರ್ಡ್ ಮೇಲೆ ಅಪ್ಪನ ಪ್ರಶ್ನೆಯನ್ನು ಬರೆದು, ನನ್ನ ಕುರ್ಚಿಯಲ್ಲಿ ಕೂತು, ಎಣಿಸಲು ಶುರುಮಾಡಿದೆ.