ಊಟ ಮಾಡುವಾಗ ಮಗಳ ರೆಪ್ಪೆ ಯಾಕೆ ಮೇಲೇಳುತ್ತದೆ?

ಶಿರಸಿ ಕಡೆ ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಕೇಳುತ್ತಾರೆ, "ಕೂಸು ಉಣ್ಣುವಾಗ ಕಣ್ಣು ಹೊಡೆದ ಹಾಗೆ ಆಗ್ತದಲ್ಲ, ಎಂತಕ್ಕೆ?" ಉಳಿದ ಹೊತ್ತಿನಲ್ಲಿ ಅವಳ ಎಡಗಣ್ಣಿನ ರೆಪ್ಪೆ ಜೋತಿರುತ್ತದೆ. ಹಪ್ಪಳ ಕಡಿದರೆ ಸಾಕು, ಥಟ್ಟನೆ ಮೇಲೇಳುತ್ತದೆ.

ಇದು ಹುಟ್ಟಿನಿಂದಲೇ ಬಂದದ್ದು. ರಾಬರ್ಟ್ ಮಾರ್ಕಸ್ ಗನ್ ಎಂಬ ಸ್ಕಾಟ್ಲೆಂಡಿನ ಕಣ್ಣಿನ ವೈದ್ಯರು 1883ರಲ್ಲಿ 15 ವರ್ಷದ ಹುಡುಗಿಯೊಬ್ಬಳಲ್ಲಿ ಇದನ್ನು ಗಮನಿಸಿ ವಿವರಿಸಿದರು. ಡಾಕ್ಟರುಗಳು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ, ಮಾರ್ಕಸ್ ಗನ್ ಜಾ ವಿಂಕಿಂಗ್ ಅಂತ, ಅಂದರೆ ದವಡೆ ಆಡಿದಾಗ ಕಣ್ಣು ಮಿಟುಕುವುದು. ಮೆದುಳಿನಿಂದ ಬರುವ ಮೂರನೇ ನರ ರೆಪ್ಪೆ ಎತ್ತುತ್ತದೆ, ಐದನೇ ನರ ದವಡೆ ಆಡಿಸುತ್ತದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಐದನೇ ನರದ ಕೆಲವು ಎಳೆಗಳು ರೆಪ್ಪೆಯ ಸ್ನಾಯುವಿಗೆ ಹೋಗಿ ಸೇರಿಬಿಟ್ಟಿವೆ. ಅಡುಗೆಮನೆಯ ಸ್ವಿಚ್ ಒತ್ತಿದರೆ ಜಗಲಿಯ ದೀಪವೂ ಹತ್ತಿದ ಹಾಗೆ. ಅವಳು ದವಡೆಯನ್ನು ಬಲಕ್ಕೆ ಸರಿಸಿದರೆ ಎಡರೆಪ್ಪೆ ಇನ್ನೂ ಜಾಸ್ತಿ ಏಳುತ್ತದೆ. ಎಷ್ಟೋ ಮಕ್ಕಳಲ್ಲಿ ಇದು ಮೊದಲು ಕಾಣುವುದು ಹಾಲು ಕುಡಿಯುವಾಗ. ನಾನು ನೋಡಿದ್ದೂ ಆಗಲೇ.

"ಬಸುರಿಯಲ್ಲಿ ಗ್ರಹಣ ನೋಡಿದ್ಯೇನೆ?" ಎಂದು ಕೇಳುವವರಿಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿ ತಿಂದದ್ದು, ನೋಡಿದ್ದು, ಹೆದರಿದ್ದು ಯಾವುದೂ ಕಾರಣವಲ್ಲ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದೆಯೂ ಬರುತ್ತದೆ, ಹೆಚ್ಚಿನವರಿಗೆ ಬರುವುದೇ ಹಾಗೆ. ಗ್ರಹಣದ ಮಾತನ್ನು ನಂಬಿ ಒಳಗೊಳಗೇ ಕೊರಗುವ ತಾಯಂದಿರಿದ್ದಾರೆ, ಅವರಿಗಾಗಿಯೇ ಇಷ್ಟು ಬರೆದೆ.

ಎಲ್ಲರೂ ನೋಡುವುದು ರೆಪ್ಪೆಯನ್ನು. ನನಗೆ ಚಿಂತೆ ಇದ್ದದ್ದು ದೃಷ್ಟಿಯದ್ದು. ಇಂಥ ಮಕ್ಕಳಲ್ಲಿ ಮೆಳ್ಳೆಗಣ್ಣು, ಎರಡು ಕಣ್ಣಿಗೂ ಬೇರೆ ಬೇರೆ ನಂಬರು ಇರುವುದು ಸಾಮಾನ್ಯ. ಆಗ ಮೆದುಳು ಒಂದು ಕಣ್ಣನ್ನು ಬಳಸುವುದನ್ನೇ ಬಿಡಬಹುದು. ಚಿಕ್ಕ ವಯಸ್ಸಿನಲ್ಲೇ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿದರೆ ಸೋತ ಕಣ್ಣು ಕಲಿಯುತ್ತದೆ. ದೊಡ್ಡವರಾದ ಮೇಲೆ ಅದು ಕಷ್ಟ. ನಮ್ಮವಳು ಪಟ್ಟಿ ಕಟ್ಟಿಸಿಕೊಳ್ಳುವಾಗ ಅತ್ತಿದ್ದಾಳೆ, ಆದರೂ ಬಿಡಲಿಲ್ಲ.

"ಆಪರೇಷನ್ ಮಾಡಿಸಿಬಿಡಿ" ಎನ್ನುತ್ತಾರಲ್ಲ, ಅದು ಅಷ್ಟು ಸುಲಭವಲ್ಲ. ಜೋತ ರೆಪ್ಪೆಯನ್ನು ಸುಮ್ನೆ ಮೇಲೆತ್ತಿ ಹೊಲಿದರೆ ಮಿಟುಕುವುದು ನಿಲ್ಲುವುದಿಲ್ಲ, ಇನ್ನೂ ಎದ್ದು ಕಾಣಬಹುದು. ಮಿಟುಕುವುದು ತುಂಬಾ ಇದ್ದರೆ ರೆಪ್ಪೆ ಎತ್ತುವ ಸ್ನಾಯುವನ್ನೇ ಬಿಡಿಸಿ, ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋಡಿಸುತ್ತಾರೆ. ಆಮೇಲೆ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದೆ ಒಣಗಬಹುದು. ಮಗಳ ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚುತ್ತಿಲ್ಲ. ಹಾಗಾಗಿ ಸದ್ಯಕ್ಕೆ ಬೇಡ ಎಂದಿದ್ದೇವೆ. ಮುಂದೆ ಅವಳಿಗೇ ಬೇಕೆನಿಸಿದರೆ ಮಾಡಿಸುತ್ತೇವೆ.