ದುರ್ಗದ ನೀರಿನ ಜಾಡು ಹಿಡಿದು

ಚಿತ್ರದುರ್ಗದ ಕೋಟೆಯ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹೆಬ್ಬಂಡೆಯ ಮೇಲೊಂದು ಬತೇರಿ, ಹಿಂದೆ ಕೆಂಪೇರಿದ ಸಂಜೆ, ಮುಂದೆ ಬೆನ್ನು ತಿರುಗಿಸಿ ನಿಂತ ಒಬ್ಬ ಹುಡುಗ. ನನ್ನ ಹಾರ್ಡ್ ಡಿಸ್ಕಿನಲ್ಲೂ ಅಂಥವು ಬೇಕಾದಷ್ಟಿವೆ, ಖರ್ಚಾಗುವುದೂ ಅವೇ. ಆದರೆ ಊರೂರು ತಿರುಗಿ ಫೋಟೋ ತೆಗೆಯುವ ಈ ಕಸುಬಿನಲ್ಲಿ ನನಗೆ ರುಚಿ ಹತ್ತಿರುವುದು ಬೆಳಕಿಗಾಗಿ ಕಾಯುವ ಹೊತ್ತಿನಲ್ಲಿ. ಕ್ಯಾಮೆರಾ ಹಿಡಿದು ಒಂದೇ ಕಡೆ ಸುಮ್ಮನೆ ನಿಂತವನನ್ನು ನಮ್ಮ ಜನ ಮಾತಾಡಿಸದೆ ಬಿಡುವುದಿಲ್ಲ. ಓದಿ ಕಲಿತದ್ದಕ್ಕಿಂತ ಹೆಚ್ಚು ಚರಿತ್ರೆಯನ್ನು ನಾನು ಹಾಗೆ ನಿಂತೇ ಕಲಿತಿದ್ದೇನೆ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಹೊರಟೆ. ಟಿಕೆಟ್ ಕೌಂಟರ್ ತೆರೆಯುತ್ತಿದ್ದಂತೆ ಕೋಟೆಯೊಳಗಿದ್ದೆ. (ಟ್ರೈಪಾಡ್ ಒಯ್ಯುವವರು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ನನ್ನದು ಕೈಯಲ್ಲಿ ಹಿಡಿದು ತೆಗೆಯುವ ಪೈಕಿ.) ರಾತ್ರಿ ಜೋರು ಮಳೆಯಾಗಿತ್ತು. ಬಂಡೆಗಳು ಒಣಗಿದ ಕಡೆ ಬೂದು, ಒದ್ದೆ ಇದ್ದಲ್ಲಿ ಕಡುಗಪ್ಪು. ಆ ಕಪ್ಪು ಪಟ್ಟೆಗಳನ್ನೇ ನೋಡುತ್ತಾ ಹೋದರೆ ನೀರು ಯಾವ ಬಂಡೆಯಿಂದ ಯಾವ ಬಂಡೆಗೆ ಇಳಿದಿದೆ ಎಂಬುದು ಗೊತ್ತಾಗುತ್ತಿತ್ತು. ಒಂದು ಕಡೆ ಬಂಡೆಯ ಅಂಚಿನಲ್ಲಿ ಬೆರಳು ತೂರುವಷ್ಟು ಕಾಲುವೆ ಕೊರೆದಿದ್ದರು. ಅದರಲ್ಲಿ ಇನ್ನೂ ಸಣ್ಣಗೆ ನೀರು ಜಿನುಗುತ್ತಿತ್ತು. ಮೊಣಕಾಲೂರಿ ಅದನ್ನು ತೆಗೆಯುತ್ತಿದ್ದಾಗ ಹಿಂದಿನಿಂದ ಗೈಡ್ ಒಬ್ಬರ ದನಿ.

"ಏನ್ ಸಾರ್, ಎಲ್ರೂ ಬತೇರಿ ಹೊಡೀತಾರೆ, ನೀವು ಬಂಡೆ ಹೊಡೀತಿದೀರಾ?"

ನೀರು ಹರಿದ ಗುರುತು ಅಂದೆ. ಅವರ ಮುಖ ಅರಳಿತು.

"ಹಂಗಾದ್ರೆ ಕೆಳಗಿಂದ ನೋಡಿದ್ರೆ ತಿಳಿಯಲ್ಲ. ಮ್ಯಾಲಿಂದ ಇಳ್ಕೊಂಡು ಬರ್ಬೇಕು. ಬರ್ರಿ."

ಹೀಗೆ ಅವರ ಬೆನ್ನು ಹತ್ತಿ ಹೋದದ್ದು ಗೋಪಾಲಸ್ವಾಮಿ ಹೊಂಡಕ್ಕೆ. ಗುಡ್ಡದ ಮೇಲಿನ ಮಳೆನೀರು ಮೊದಲು ಬಂದು ಕೂಡುವುದು ಇಲ್ಲಿ. ಇದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅದನ್ನೂ ಮೀರಿದ್ದು ಕೆಳಗೆ ಪೇಟೆಯ ಸಂತೆಹೊಂಡಕ್ಕೆ. ಏಳು ಸುತ್ತಿನ ಕೋಟೆ ಎಂದು ಗೋಡೆಗಳನ್ನೇ ಎಣಿಸಿ ಬೆರಗಾಗುತ್ತೇವೆ. ಮಳೆಯ ನೆರಳಿನ ಈ ಸೀಮೆಯಲ್ಲಿ ನೀರಿಲ್ಲದೆ ಆ ಏಳು ಸುತ್ತೂ ಏಳು ದಿನಕ್ಕೆ ಬಾಗಿಲು ತೆರೆಯಬೇಕಾಗುತ್ತಿತ್ತು. 1779ರಲ್ಲಿ ಹೈದರಾಲಿಯ ಕೈಸೇರುವವರೆಗೆ ಮುತ್ತಿಗೆಗಳನ್ನು ತಾಳಿಕೊಂಡದ್ದರಲ್ಲಿ ಈ ಹೊಂಡಗಳ ಪಾಲು ಸಣ್ಣದೇನಲ್ಲ. ಮದಕರಿ ನಾಯಕ ಸೋತ ಸುದ್ದಿ ಕೇಳಿ ಅವನ ರಾಣಿಯರಿಬ್ಬರು ಹಾರಿಕೊಂಡದ್ದು ಅಕ್ಕ-ತಂಗಿ ಹೊಂಡಕ್ಕೆ ಎಂಬ ಮಾತು ಊರಿನಲ್ಲಿದೆ.

ಓಬವ್ವನ ಕಥೆಯನ್ನೂ ಈ ಕಣ್ಣಿನಿಂದ ನೋಡಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಕುಡಿಯಲು ನೀರಿಲ್ಲ. ತಣ್ಣೀರು ದೋಣಿ ಎಂಬ ಬಂಡೆಸಂದಿನ ಹೊಂಡಕ್ಕೆ ನೀರು ತರಲು ಹೋದವಳ ಕಿವಿಗೆ ಕಿಂಡಿಯಲ್ಲಿ ಸದ್ದು ಬಿತ್ತು. ಒನಕೆಯ ಫೋಟೋ ಎಲ್ಲರ ಹತ್ತಿರವೂ ಇದೆ, ದೋಣಿಯದು ಯಾರ ಹತ್ತಿರವೂ ಇಲ್ಲ. ಕಿಂಡಿಯ ಬಾಯಲ್ಲಿ ಸೆಲ್ಫಿಗೆ ಸಾಲು ನಿಂತಿತ್ತು. ನಾನು ದೋಣಿಯ ಹತ್ತಿರ ಕೂತೆ. ಬಂಡೆಯ ಸಂದಿನಲ್ಲಿ ತಂಪು ನೀರು, ಮೇಲೆ ಒಂದು ಎಲೆ, ಎಲೆಯ ಮೇಲೆ ಇರುವೆ. ಮ್ಯಾಕ್ರೋ ಲೆನ್ಸ್ ತಂದದ್ದು ಸಾರ್ಥಕವಾಯಿತು.

ತುಪ್ಪದಕೊಳದ ಬಂಡೆ ಹತ್ತಿ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನೂ ತೆಗೆದೆ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಗಾಳಿ ಚೆನ್ನಾಗಿತ್ತು.

ಮಧ್ಯಾಹ್ನದ ಬಿಸಿಲು ಫೋಟೋಕ್ಕೆ ಪ್ರಯೋಜನವಿಲ್ಲ. ಆ ಹೊತ್ತಿಗೆ ಚಂದ್ರವಳ್ಳಿಗೆ ಹೋದೆ. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಪುಟ್ಟ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಪಲ್ಲವರು, ಅಭೀರರು, ತ್ರೇಕೂಟರು, ಪುನ್ನಾಟರು ಎಂದು ತಾನು ಗೆದ್ದವರ ದೊಡ್ಡ ಪಟ್ಟಿಯನ್ನೇ ಕೊರೆಸಿದ್ದಾನೆ. ಆದರೆ ಶಾಸನ ಹಾಕಿಸಿದ್ದು ಯಾವುದಕ್ಕೆ? ಕೆರೆಯೊಂದರ ಕೆಲಸಕ್ಕೆ! ನೇರ ಬೆಳಕಿನಲ್ಲಿ ಅಕ್ಷರಗಳು ಕಣ್ಣಿಗೆ ಹತ್ತುವುದೇ ಇಲ್ಲ. ಟಾರ್ಚನ್ನು ಬಂಡೆಯ ಮಗ್ಗುಲಿಗೆ ತಂದು, ಬೆಳಕು ಮೈ ಸವರಿಕೊಂಡು ಹೋಗುವಂತೆ ಹಿಡಿಯಬೇಕು. ಆಗ ಪ್ರತಿ ಗೀರಿಗೂ ಒಂದು ನೆರಳು ಹುಟ್ಟಿ ಅಕ್ಷರ ಮೇಲೇಳುತ್ತದೆ. ಸುತ್ತ ನಿಂತಿದ್ದ ಕಾಲೇಜು ಹುಡುಗರು "ಅಣ್ಣಾ, ಇನ್ನೊಂದ್ಸಲ ಹಿಡೀರಿ" ಎಂದು ತಮ್ಮ ಮೊಬೈಲುಗಳನ್ನೂ ತಂದರು. ಇದೇ ಚಂದ್ರವಳ್ಳಿಯ ನೆಲದಲ್ಲಿ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು ಎಂದಾಗ ಅವರಲ್ಲೊಬ್ಬ ಕಾಲಿನಿಂದ ಮಣ್ಣು ಕೆದರಿ ನೋಡಿದ.

ಸಂಜೆ ಚಹಾದಂಗಡಿಯಲ್ಲಿ ಹಿರಿಯೂರಿನ ಯಜಮಾನರೊಬ್ಬರು ಸಿಕ್ಕರು. ಹೊಂಡಗಳ ಫೋಟೋ ತೋರಿಸಿದೆ. "ಇದೇನು ಮಹಾ! ಮಾರಿಕಣಿವೆ ಕೋಡಿ ಬಿದ್ದಾಗ ನೀವು ಬರ್ಬೇಕಿತ್ತು" ಅಂದರು. ಮಾರಿಕಣಿವೆ ಅಂದರೆ ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರು ಕಟ್ಟಿಸಿದ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. ಕೋಡಿ ಹರಿದದ್ದು 1933ರಲ್ಲಿ. ಆಮೇಲೆ ಮತ್ತೆ ಹರಿದದ್ದು 2022ರಲ್ಲಿ! ತಮ್ಮ ತಂದೆ ಹುಡುಗನಾಗಿದ್ದಾಗ ಕಂಡದ್ದನ್ನು ತಾವು ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದನ್ನು ಅವರು ಚಹಾ ಆರುವವರೆಗೂ ಹೇಳಿದರು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿದ್ದಾಗ ಹೋಗಲಿಲ್ಲವಂತೆ. "ಒಂದ್ಸಲ ನೋಡಿದ್ದು ಸಾಕು, ಈಗಿನ ಹುಡುಗ್ರು ನೋಡ್ಲಿ."

ಮರುದಿನ ದಾವಣಗೆರೆ ಜಿಲ್ಲೆಗೆ ದಾಟಿದೆ. ದಾಟಿದೆ ಎನ್ನುವುದೂ ಮಾತಿಗಷ್ಟೇ, 1997ರವರೆಗೆ ಚನ್ನಗಿರಿ, ಹೊನ್ನಾಳಿ ಸೀಮೆ ಬಿಟ್ಟರೆ ಅದರ ಉಳಿದ ಭಾಗ ಚಿತ್ರದುರ್ಗ ಜಿಲ್ಲೆಯೇ. ನಾನು ಹೋದದ್ದು ಆ ಚನ್ನಗಿರಿ ತಾಲೂಕಿಗೆ. ಸಂತೇಬೆನ್ನೂರಿನ ಪುಷ್ಕರಣಿ ಚಂದ ಎಂಬುದು ಎಲ್ಲರಿಗೂ ಗೊತ್ತು. ನಾಲ್ಕೂ ಕಡೆ ಮೆಟ್ಟಿಲು, ನಟ್ಟನಡುವೆ ವಸಂತ ಮಂಟಪ, ಒಂದು ಬದಿಗೆ ಮುಸಾಫಿರಖಾನೆ. ನೀರು ಅಲುಗದಿದ್ದರೆ ಮಂಟಪ ತಲೆಕೆಳಗಾಗಿ ಪೂರ್ತಿ ಸಿಗುತ್ತದೆ, ಬಿಸಿಲೇರಿ ಗಾಳಿ ಎದ್ದರೆ ಸಿಗುವುದಿಲ್ಲ.

ಅಲ್ಲಿಂದ ಸೂಳೆಕೆರೆ. ಶಾಂತಿಸಾಗರ ಎಂಬ ಬೋರ್ಡು ಹಾಕಿದ್ದಾರೆ, ಬಸ್ಸಿನವರು ಕೂಗುವುದು ಸೂಳೆಕೆರೆ ಎಂದೇ. ಕಣ್ಣು ಹಾಯುವಷ್ಟು ನೀರು, ಆದರೆ ಕೆರೆಯ ಏರಿಯನ್ನು ನೋಡಿದರೆ ಇಷ್ಟೇ ಇಷ್ಟು: ಎರಡು ಗುಡ್ಡಗಳ ನಡುವಿನ ಸಂದನ್ನು ಮುಚ್ಚಿದ್ದಾರೆ, ಅಷ್ಟೇ. ಇಷ್ಟು ಚಿಕ್ಕ ಕಟ್ಟೆಗೆ ಇಷ್ಟು ನೀರು ನಿಲ್ಲುವ ಜಾಗವನ್ನು ಹುಡುಕಿದವರು ಆ ಗುಡ್ಡಗಳನ್ನು ಎಷ್ಟು ಸಲ ಸುತ್ತಿರಬೇಕು! ಅರಸನ ಮಗಳು ಶಾಂತವ್ವ ಕಟ್ಟಿಸಿದಳು ಎಂಬುದು ಜನರ ಕಥೆ. ಏರಿಯ ಮೇಲಿಂದ ವೈಡ್ ಲೆನ್ಸಿಗೂ ಕೆರೆ ಹಿಡಿಸಲಿಲ್ಲ. ಕೆಳಗಿಳಿದು ತೂಬಿನ ಕಲ್ಲುಕಂಬಗಳನ್ನು ತೆಗೆಯುತ್ತಾ ನಿಂತೆ.

ಬಲೆ ಬಿಡಿಸುತ್ತಿದ್ದ ಮೀನಿನವನು ಸ್ವಲ್ಪ ಹೊತ್ತು ನೋಡಿದ. "ಎಲ್ಲಿಂದ ಬಂದ್ರಿ ಅಣ್ಣಾ?"

"ನಿನ್ನೆ ದುರ್ಗದಾಗಿದ್ದೆ."

"ಹಂಗಾದ್ರೆ ನಮ್ ಕೆರೆ ನೀರೇ ಕುಡ್ಕಂಡ್ ಬಂದೀರಿ ಬಿಡ್ರಿ."

ನಿಜ. ಚಿತ್ರದುರ್ಗದ ನಲ್ಲಿಗಳಿಗೆ ಇಲ್ಲಿಂದ ಪೈಪಿನಲ್ಲಿ ನೀರು ಹೋಗುತ್ತದೆ. ಲಾಡ್ಜಿನಲ್ಲಿ ತುಂಬಿಸಿಕೊಂಡ ಬಾಟಲಿ ಬ್ಯಾಗಿನಲ್ಲೇ ಇತ್ತು.

ಅವನಿಗೆ ನನ್ನ ಫೋಟೋಗಳು ಅಷ್ಟೇನೂ ಹಿಡಿಸಲಿಲ್ಲ. "ಈಗ ಏನೂ ಕಾಣಲ್ಲ. ಬ್ಯಾಸಿಗೇಲಿ ನೀರು ಇಳೀತದೆ, ಆಗ ಬರ್ರಿ. ತೂಬಿನ ಬುಡದ ಕಲ್ಲೆಲ್ಲಾ ತೋರಿಸ್ತೀನಿ" ಅಂದ. ಏಪ್ರಿಲ್ ಎಂದು ಮಾತಾಯಿತು. ಅವನ ಮೊಬೈಲ್ ನಂಬರ್ ಬರೆದುಕೊಂಡು ದಾವಣಗೆರೆಯ ಬಸ್ಸು ಹಿಡಿದೆ. ಬೆಣ್ಣೆದೋಸೆ ಹೋಟೆಲಿನವರು ಒಲೆ ಆರಿಸುವುದರೊಳಗೆ ಸೇರಬೇಕಿತ್ತು.