ಪ್ಲೆಕೊ ಗೂಡಿನೊಳಗಿನ ಸುಣ್ಣದ ಹರಳು

ತೊಟ್ಟಿಯಲ್ಲಿ ಸಾಕುವ ಬ್ರಿಸಲ್‌ನೋಸ್ ಪ್ಲೆಕೊ ಮೀನುಗಳು ಅಡಗಿ ಮೊಟ್ಟೆಯಿಡಲೆಂದು ಕೆರೆಯ ಜೇಡಿಮಣ್ಣಿನಲ್ಲಿ ಮಾಡುತ್ತಿರುವ ಗೂಡುಗಳು ಕೊನೆಗೂ ಚಕ್ಕೆ ಏಳದೆ ನೀರಿನಲ್ಲಿ ನಿಂತಿವೆ. ಮಣ್ಣಿನ ಹದ, ನೆರಳಿನ ಒಣಗು, ಮಣ್ಣು ಬಿರಿಯದಂತೆ 573 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಿಲ್ನ್‌ನ (ಮಣ್ಣಿನ ವಸ್ತು ಸುಡುವ ಕುಲುಮೆಯ) ಶಾಖವನ್ನು ನಿಧಾನವಾಗಿ ಏರಿಸುವ ಕ್ರಮ ಇವನ್ನೆಲ್ಲ ಬದಿಗಿಟ್ಟು ನೇರವಾಗಿ ಸುಣ್ಣದ ತೊಂದರೆಗೆ ಬರುತ್ತೇನೆ.

ಹಿಂದಿನ ಸುತ್ತಿನ ಗೂಡುಗಳು ಕಿಲ್ನ್‌ನಿಂದ ಹೊರಬಂದಾಗ ತಟ್ಟಿದರೆ ಕಣಕಣ ಎನ್ನುತ್ತಿದ್ದವು. ಮಳೆಗಾಲದ ತೇವದಲ್ಲಿ ಕೆಲವು ದಿನ ಕಪಾಟಿನಲ್ಲಿದ್ದ ಮೇಲೆ ಮಾತ್ರ ಅವುಗಳ ಮೈಯಿಂದ ಚಕ್ಕೆಗಳು ಸಿಡಿದವು. ಪ್ರತಿಯೊಂದು ಕುಳಿಯ ತಳದಲ್ಲೂ ಒಂದು ಬಿಳಿ ಚುಕ್ಕೆ ಕಾಣುತ್ತಿತ್ತು. ಮಣ್ಣಿನಲ್ಲಿರುವ ಸುಣ್ಣದ ಹರಳು ಸುಮಾರು 900 ಡಿಗ್ರಿಯ ಹೊತ್ತಿಗೆ ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವವನ್ನು ಹೀರಿ ಅರಳುತ್ತದೆ, ಅರಳುವಾಗ ಉಬ್ಬಿ ಸುತ್ತಲಿನ ಮಣ್ಣನ್ನು ಒಡೆಯುತ್ತದೆ. ಅದೇ ಗೂಡನ್ನು ತೊಟ್ಟಿಗೆ ಇಳಿಸಿದರೆ ನೀರಿನ ಪಿಎಚ್ ಏರುತ್ತದೆ. ಜರಡಿ ಹಿಡಿದದ್ದೆಂದು ಹೆಚ್ಚಿನ ಬೆಲೆಗೆ ಮಾರಿದ ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಹರಳುಗಳಿದ್ದವು, ಅವುಗಳ ಮೇಲೆ ವಿನೆಗರ್ ಬಿಟ್ಟರೆ ಬುರುಬುರು ನೊರೆ ಬರುತ್ತಿತ್ತು. ಮಾರಿದವರು ಹಣ ಹಿಂತಿರುಗಿಸಲೂ ಇಲ್ಲ, ಜರಡಿಯ ಕಣ್ಣೆಷ್ಟೆಂದು ಹೇಳಲೂ ಇಲ್ಲ.

ಈ ಸಲ ಮಣ್ಣನ್ನು ನೀರಿನಲ್ಲಿ ಕರಗಿಸಿ, 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಸೋಸಿ, ಮತ್ತೆ ಗಟ್ಟಿಯಾಗಿಸಿಕೊಂಡೆ. ಜರಡಿಯಿಂದ ಇಳಿದ ನಯವಾದ ಸುಣ್ಣ 1050 ಡಿಗ್ರಿಯ ಸುಡುವಿಕೆಯಲ್ಲಿ ಮಣ್ಣಿನ ಸಿಲಿಕಾದೊಂದಿಗೆ ಬೆರೆತುಹೋಗುತ್ತದೆ. ಉಳಿದ ಸಂಶಯಕ್ಕೆ ಕುಂಬಾರರ ಹಳೆಯ ಉಪಾಯವಿದೆ: ಕಿಲ್ನ್‌ನಿಂದ ತೆಗೆದು, ಕೈಗೆ ತಡೆಯುವಷ್ಟು ಆರಿದೊಡನೆ ಗೂಡನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಸುಣ್ಣ ಬೇಗನೆ ಅರಳಿ ಮೆತ್ತಗಾಗುತ್ತದೆ. ಅನಂತರ ಆ ನೀರನ್ನು ಚೆಲ್ಲಿ, ಆರ್‌ಒ ನೀರಿನ (ಲವಣಗಳನ್ನು ಸೋಸಿ ತೆಗೆದ ನೀರಿನ) ಬಕೆಟ್‌ನಲ್ಲಿ ಗೂಡನ್ನಿಟ್ಟು, ಬರಿಯ ಆರ್‌ಒ ನೀರಿನ ಇನ್ನೊಂದು ಬಕೆಟ್‌ನೊಂದಿಗೆ ಹೋಲಿಸಿದೆ. ವಾರ ಕಳೆದರೂ ಎರಡರಲ್ಲೂ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಪರೀಕ್ಷೆಯ ಬಣ್ಣ ಮೊದಲ ಹನಿಗೇ ಬದಲಾಯಿತು, ಅಂದರೆ ಗೂಡಿನಿಂದ ನೀರಿಗೆ ಅಳೆಯುವಷ್ಟು ಸುಣ್ಣ ಇಳಿದಿರಲಿಲ್ಲ. ಆ ಬಣ್ಣ ಕಂಡಾಗ ಆದ ಸಂತೋಷ ದೊಡ್ಡದು.

ಗೂಡಿಗೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಬೇಡವೆಂಬ ನಿರ್ಧಾರವನ್ನು ಬದಲಿಸಿಲ್ಲ. ಊಟದ ತಟ್ಟೆಗೆ ಸುರಕ್ಷಿತವೆಂದು ಬರೆದ ಡಬ್ಬಿಯ ಮಾತು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿರುವ ವಸ್ತುವಿಗೆ ಸಾಲದು. ಹಸಿರು ಗ್ಲೇಜ್‌ನ ಬಣ್ಣ ಹಲವೊಮ್ಮೆ ತಾಮ್ರದ್ದಾಗಿರುತ್ತದೆ, ಚೆರ್ರಿ ಸಿಗಡಿಗಳಿಗೂ ಬಸವನಹುಳುಗಳಿಗೂ ತಾಮ್ರ ಅತ್ಯಲ್ಪ ಪ್ರಮಾಣದಲ್ಲೇ ಮಾರಕ.

ಮುಂದಿನದು ಡಿಸ್ಕಸ್ ಮೀನುಗಳು ಮೊಟ್ಟೆಯಿಡುವ ಶಂಕು, ಎತ್ತರ ಸುಮಾರು 25 ಸೆಂ.ಮೀ. ಮೆದುವಾದ, ತುಸು ಆಮ್ಲೀಯ ನೀರಿನ ಆ ತೊಟ್ಟಿಯಲ್ಲಿ ಸುಣ್ಣ ಇನ್ನೂ ಬೇಗ ಕರಗುವುದರಿಂದ ಅದಕ್ಕೆ 100 ಮೆಶ್ ಜರಡಿಯನ್ನೇ ತರಿಸುತ್ತಿದ್ದೇನೆ.